‘ಸ್ವಂತ ಜವಾಬ್ದಾರಿ’ ಫಲಕದ ಬೆಲೆ ಎಷ್ಟು?

ನಾಲ್ಕನೆಯ ಮೆಟ್ಟಿಲು 19 ಸೆಂಟಿಮೀಟರ್. ಅದರ ಮೇಲಿನ ಮೂರೂ 15, ಕೆಳಗಿನದೂ 15. ಪುಣೆ ಜಿಲ್ಲೆಯ ಭೋರ್ ತಾಲ್ಲೂಕಿನಲ್ಲಿ, ಭಾಟಘರ್ ಹಿನ್ನೀರಿನ ದಂಡೆಯಲ್ಲಿರುವ ಒಂದು ರೆಸಾರ್ಟು. ಊಟದ ಚಪ್ಪರದಿಂದ ಈಜುಕೊಳಕ್ಕೆ ಇಳಿಯುವ ಈ ಐದು ಮೆಟ್ಟಿಲುಗಳನ್ನು ನಾನು ಟೇಪು ಹಿಡಿದು ಅಳೆಯುವ ಹೊತ್ತಿಗೆ ನಮ್ಮ ಅತ್ತಿಗೆ ಬಿದ್ದು ಅರ್ಧ ಗಂಟೆಯಾಗಿತ್ತು. ಮಣಿಕಟ್ಟು ಊದಿಕೊಂಡಿತ್ತು. ಯಾರೋ ಟವೆಲ್ಲಿನಲ್ಲಿ ಐಸ್ ಸುತ್ತಿ ತಂದುಕೊಟ್ಟಿದ್ದರು. ಜೀವಮಾನವಿಡೀ ಕಟ್ಟಡದ ಕೆಲಸ ಮಾಡಿದವನ ಕಾರಿನಲ್ಲಿ ಟೇಪು ಇದ್ದೇ ಇರುತ್ತದೆ. ಇಳಿಯುವಾಗ ಕಾಲು ಮೂರು ಮೆಟ್ಟಿಲಿಗೆ ಅಳತೆ ಕಲಿತುಬಿಡುತ್ತದೆ, ನಾಲ್ಕನೆಯದು 4 ಸೆಂಟಿಮೀಟರ್ ಕೆಳಗಿದ್ದರೆ ಹೆಜ್ಜೆ ಗಾಳಿಗೆ ಬೀಳುತ್ತದೆ. ಮೇಲಿಂದ ಒದ್ದೆ ಟೈಲ್ಸ್ ಬೇರೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಮನೆಗಳ ಮೆಟ್ಟಿಲಿಗೆ 19 ಸೆಂಟಿಮೀಟರ್‌ವರೆಗೆ ಎತ್ತರ ಒಪ್ಪುತ್ತದೆ, ಜನ ಸೇರುವ ಕಟ್ಟಡಗಳಿಗೆ 15ರ ಮಿತಿ ಹಾಕುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಒಂದೇ ಸಾಲಿನ ಮೆಟ್ಟಿಲುಗಳು ಒಂದೇ ಅಳತೆಯಲ್ಲಿರಬೇಕು ಎನ್ನುವುದು ಯಾವ ಮೇಸ್ತ್ರಿಗೂ ಗೊತ್ತಿರುವ ಪಾಠ.

ಮಾಲೀಕರು ಒಳ್ಳೆಯ ಮನುಷ್ಯ. ಅಪ್ಪನ ಕಾಲದ ಭತ್ತದ ಗದ್ದೆಯ ಪಕ್ಕ ಆರು ಕೋಣೆ ಕಟ್ಟಿ, ಪಿಠಲ-ಭಾಕರಿ ಬಡಿಸಿ ಬದುಕುವವರು. ಗಾಬರಿಯಲ್ಲೂ ಅವರು ಹೇಳಿದ್ದು ಒಂದೇ ಮಾತು: “ಕಾಕಾ, ಬೋರ್ಡ್ ಹಾಕೇ ಇದ್ದೀವಲ್ಲ.” ಬೋರ್ಡು ಇತ್ತು, ನಿಜ. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ, ಮರಾಠಿಯಲ್ಲಿ, ‘ಸ್ವತಃಚ್ಯಾ ಜಬಾಬ್ದಾರೀವರ್’ ಎಂದು. ಸ್ವಂತ ಜವಾಬ್ದಾರಿಯ ಮೇಲೆ ಬಳಸಿಕೊಳ್ಳಿ ಎಂದರ್ಥ. ಪುಣೆಯಿಂದ ಬೆಂಗಳೂರು ಹೆದ್ದಾರಿ ಹಿಡಿದು, ಕಾಪೂರ್‌ಹೋಳ್‌ನಲ್ಲಿ ಬಲಕ್ಕೆ ತಿರುಗಿ ಭೋರ್ ಕಡೆ ಹೋಗುವ ನಮ್ಮಂಥ ಕನ್ನಡದ ಕುಟುಂಬಗಳು ಇಂಥ ಫಲಕವನ್ನು ನೂರು ಕಡೆ ನೋಡಿರುತ್ತವೆ. ಕೊಡಗಿನಲ್ಲಿ, ಸಕಲೇಶಪುರದಲ್ಲಿ, ದಾಂಡೇಲಿಯಲ್ಲಿ ಅದೇ ಮಾತು ಕನ್ನಡದಲ್ಲಿರುತ್ತದೆ. ಆ ಫಲಕ ನಿಜಕ್ಕೂ ಎಷ್ಟು ರೂಪಾಯಿಯ ಹೊಣೆಯನ್ನು ತಡೆಯುತ್ತದೆ ಎಂದು ಲೆಕ್ಕ ಹಾಕಬೇಕೆನಿಸಿದ್ದು ಅಂದೇ.

ಮೊದಲು ಕಾನೂನಿನ ಕಡೆಯಿಂದ. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ತಾಜ್ ಮಹಲ್ ಹೋಟೆಲಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. 1998ರಲ್ಲಿ ಅತಿಥಿಯೊಬ್ಬರು ನಿಲ್ಲಿಸಲೆಂದು ಹೋಟೆಲಿನವರ ಕೈಗೆ ಕೊಟ್ಟಿದ್ದ ಮಾರುತಿ ಝೆನ್ ಕಳುವಾಗಿತ್ತು. ವಾಹನಕ್ಕೆ ಮಾಲೀಕರೇ ಹೊಣೆ ಎಂದು ಪಾರ್ಕಿಂಗ್ ಚೀಟಿಯ ಮೇಲೆ ಮುದ್ರಿಸಿತ್ತು. ತನ್ನ ಕಡೆಯವರ ನಿರ್ಲಕ್ಷ್ಯದ ಹೊಣೆಯಿಂದ ಹೋಟೆಲು ಇಂಥ ಚೀಟಿಯ ಮೂಲಕ ಜಾರಿಕೊಳ್ಳುವಂತಿಲ್ಲ ಎಂದಿತು ಕೋರ್ಟು. ಕಾರಿಗೇ ಈ ಮಾತಾದರೆ ಕಾರಿನಿಂದ ಇಳಿದು ಬಂದ ಮನುಷ್ಯನಿಗೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೂ ಗ್ರಾಹಕನ ಹಕ್ಕನ್ನು ಏಕಪಕ್ಷೀಯವಾಗಿ ಕಿತ್ತುಕೊಳ್ಳುವ ಷರತ್ತುಗಳಿಗೆ ‘ಅನ್ಯಾಯದ ಕರಾರು’ ಎಂದೇ ಹೆಸರಿಟ್ಟಿದೆ. ಎಚ್ಚರಿಕೆ ಬೇರೆ, ಕೈತೊಳೆದುಕೊಳ್ಳುವುದು ಬೇರೆ. ‘ಇಲ್ಲಿ ಆಳ 6 ಅಡಿ’ ಎನ್ನುವ ಫಲಕ ಜೀವ ಉಳಿಸುತ್ತದೆ, ಕೋರ್ಟಿನಲ್ಲಿ ಮಾಲೀಕನ ಪರವಾಗಿಯೂ ನಿಲ್ಲುತ್ತದೆ. ‘ನಾವು ಜವಾಬ್ದಾರರಲ್ಲ’ ಎನ್ನುವುದಕ್ಕೆ ಬಣ್ಣದ ಖರ್ಚಷ್ಟೇ ಬೆಲೆ.

ಅತಿಥಿಗೆ ಆದ ಗಾಯಕ್ಕೆ, ಸಾವಿಗೆ ನಮ್ಮ ದೇಶದಲ್ಲಿ ಎಷ್ಟು ಹಣ ತೀರ್ಮಾನವಾಗಿದೆ? 2006ರ ಮಾರ್ಚ್‌ನಲ್ಲಿ ಕೇರಳದ ಕೋವಳಂನಲ್ಲಿ, ಸರ್ಕಾರಿ ಪ್ರವಾಸೋದ್ಯಮ ನಿಗಮವೇ ನಡೆಸುವ ‘ಸಮುದ್ರ’ ಹೋಟೆಲಿನ ಈಜುಕೊಳದಲ್ಲಿ ಕುಟುಂಬದೊಂದಿಗೆ ಬಂದಿದ್ದ ಅತಿಥಿಯೊಬ್ಬರು ಮುಳುಗಿ ತೀರಿಕೊಂಡರು. ಕೊಳಕ್ಕೆ ಜೀವರಕ್ಷಕ ಇರಲಿಲ್ಲವೆಂದಲ್ಲ, ಇದ್ದ. ಅವನಿಗೇ ಬಾರಿನಲ್ಲಿ ಮದ್ಯ ಸುರಿದುಕೊಡುವ ಕೆಲಸವನ್ನೂ ಹಚ್ಚಿದ್ದರು. ರಾಷ್ಟ್ರೀಯ ಗ್ರಾಹಕ ಆಯೋಗ 62.50 ಲಕ್ಷ ರೂಪಾಯಿ ಪರಿಹಾರ ವಿಧಿಸಿತು. 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಒಬ್ಬ ಆಳಿನ ಸಂಬಳ ಉಳಿಸಲು ಹೋದದ್ದಕ್ಕೆ 62.50 ಲಕ್ಷ, 13 ವರ್ಷದ ವ್ಯಾಜ್ಯ, ಮತ್ತು ಒಂದು ಮನೆಯ ಯಜಮಾನ.

ಇನ್ನೊಂದು ಪ್ರಕರಣ ಇನ್ನೂ ಹಳೆಯದು. 1972ರ ಆಗಸ್ಟ್‌ನಲ್ಲಿ ದೆಹಲಿಯ ಒಬೆರಾಯ್ ಇಂಟರ್‌ಕಾಂಟಿನೆಂಟಲ್ ಹೋಟೆಲಿನ ಈಜುಕೊಳಕ್ಕೆ ಜರ್ಮನಿಯ ಲುಫ್ತಾನ್ಸಾ ಸಂಸ್ಥೆಯ ಸಹ-ಪೈಲಟ್ ಒಬ್ಬರು ಜಿಗಿಹಲಗೆಯಿಂದ ಧುಮುಕಿದರು. ಹಲಗೆಯ ಕೆಳಗೆ ಇರಬೇಕಾದಷ್ಟು ಆಳ ಇರಲಿಲ್ಲ. ತಲೆ ತಳಕ್ಕೆ ಬಡಿಯಿತು, ಕೈಕಾಲು ಸ್ವಾಧೀನ ತಪ್ಪಿದವು. 1985ರಲ್ಲಿ ಅವರು ತೀರಿಕೊಂಡರು. 1997ರಲ್ಲಿ ದೆಹಲಿ ಹೈಕೋರ್ಟ್, ಐದು ತಾರೆಯ ದರ ವಸೂಲಿ ಮಾಡುವವರ ಎಚ್ಚರವೂ ಅದೇ ಮಟ್ಟದ್ದಿರಬೇಕು ಎಂದು 50 ಲಕ್ಷ ರೂಪಾಯಿಯ ತೀರ್ಪಿತ್ತಿತು. ದಾವೆ ಹೂಡಿದವರೇ ಮೃತಪಟ್ಟ ಮೇಲೆ ದಾವೆ ಉಳಿಯುವುದಿಲ್ಲವೆಂದು 2002ರಲ್ಲಿ ವಿಭಾಗೀಯ ಪೀಠ ಅದನ್ನು ರದ್ದು ಮಾಡಿತು. ಮೂವತ್ತು ವರ್ಷ! ಹಣ ಕೈಸೇರಲಿಲ್ಲ. ಆದರೂ ಆ 1997ರ ತರ್ಕವನ್ನು ವಕೀಲರು ಇಂದಿಗೂ ಎತ್ತಿ ಆಡುತ್ತಾರೆ.

ನಮ್ಮ ಕರಾವಳಿಯದು ತೀರ ಇತ್ತೀಚಿನದು. 2024ರ ನವೆಂಬರ್ 17, ಭಾನುವಾರ ಬೆಳಿಗ್ಗೆ. ಉಳ್ಳಾಲದ ಸೋಮೇಶ್ವರ ಕಡಲತೀರದ ರೆಸಾರ್ಟೊಂದರಲ್ಲಿ ಮೈಸೂರಿನಿಂದ ಬಂದಿದ್ದ ಮೂವರು ವಿದ್ಯಾರ್ಥಿನಿಯರು ಈಜುಕೊಳದಲ್ಲಿ ಮುಳುಗಿದರು. ಒಬ್ಬಳು ಆಳಕ್ಕೆ ಸಿಕ್ಕಳು, ಎಳೆಯಲು ಹೋದವಳೂ ಸಿಕ್ಕಳು, ಮೂರನೆಯವಳೂ. ಜೀವರಕ್ಷಕ ಇರಲಿಲ್ಲ, ಆಳ ತಿಳಿಸುವ ಫಲಕ ಇರಲಿಲ್ಲ ಎಂದು ಪೊಲೀಸರು ಹೇಳಿದರು. ಮಾಲೀಕ ಮತ್ತು ವ್ಯವಸ್ಥಾಪಕ ಬಂಧನಕ್ಕೊಳಗಾದರು, ಪರವಾನಗಿ ಅಮಾನತಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ನಿರ್ಲಕ್ಷ್ಯದ ಸಾವಿಗೆ ಗರಿಷ್ಠ ಶಿಕ್ಷೆಯನ್ನು 2 ವರ್ಷದಿಂದ 5 ವರ್ಷಕ್ಕೆ ಏರಿಸಿದೆ. ಸಣ್ಣ ರೆಸಾರ್ಟುಗಳ ಮಾಲೀಕರಲ್ಲಿ ಹಲವರಿಗೆ ಈ ಅಂಕಿ ಇನ್ನೂ ಮುಟ್ಟಿಲ್ಲ.

ಮುಳುಗುವುದು ಹೇಗೆ ಎನ್ನುವುದನ್ನು ಕೊಳದ ಅಂಚಿನಲ್ಲಿ ನಿಂತೇ ಲೆಕ್ಕ ಹಾಕಬಹುದು. 12 ಮೀಟರ್ ಉದ್ದ, 6 ಮೀಟರ್ ಅಗಲದ ಕೊಳ. ಒಂದು ತುದಿಯಲ್ಲಿ 1 ಮೀಟರ್, ಇನ್ನೊಂದು ತುದಿಯಲ್ಲಿ 2 ಮೀಟರ್ ಆಳ. ಸುಮಾರು 1.08 ಲಕ್ಷ ಲೀಟರ್ ನೀರು. ತಳ ಉದ್ದಕ್ಕೂ ಒಂದೇ ಸಮ ಇಳಿದರೆ 12 ಮೀಟರಿಗೆ 1 ಮೀಟರ್ ಇಳಿಜಾರು. ಮಗು ಅರ್ಧ ಮೀಟರಿನ ಒಂದು ಹೆಜ್ಜೆ ಇಟ್ಟರೆ ನೀರು 4 ಸೆಂಟಿಮೀಟರ್ ಏರುತ್ತದೆ. ಆದರೆ ಜಾಗ ಉಳಿಸಲು ಆ ಇಡೀ ಇಳಿಜಾರನ್ನು ನಡುವಿನ 3 ಮೀಟರಿನಲ್ಲೇ ಮುಗಿಸಿಬಿಟ್ಟರೆ ಅದೇ ಒಂದು ಹೆಜ್ಜೆಗೆ ನೀರು ಏರುವುದು ಸುಮಾರು 17 ಸೆಂಟಿಮೀಟರ್. 120 ಸೆಂಟಿಮೀಟರ್ ಎತ್ತರದ ಮಗುವಿನ ಮೂಗು ಸುಮಾರು 108ರಲ್ಲಿರುತ್ತದೆ. 1 ಮೀಟರ್ ನೀರಿನಲ್ಲಿ ನಗುತ್ತಾ ನಿಂತ ಮಗು ಒಂದು ಹೆಜ್ಜೆ ಮುಂದಿಟ್ಟರೆ ನೀರು ಮೂಗಿಗಿಂತ 9 ಸೆಂಟಿಮೀಟರ್ ಮೇಲೆ. ನೀರು ಹಸಿರಾಗಿದ್ದು ತಳ ಕಾಣದಿದ್ದರೆ ಈ ಹೆಜ್ಜೆಯ ಸುಳಿವು ಮಗುವಿಗೂ ಇಲ್ಲ, ದಡದಲ್ಲಿ ಕೂತ ನಮಗೂ ಇಲ್ಲ. ಮುಳುಗುವ ಮಗು ಕೂಗುವುದಿಲ್ಲ. ಉಸಿರಿಗೇ ಬಾಯಿ ಸಾಲದಿರುವಾಗ ಕೂಗುವುದೆಲ್ಲಿಂದ?

ಆಮ್ಲಜನಕ ನಿಂತ ಮೇಲೆ ಮಿದುಳಿಗೆ ಪೆಟ್ಟು ಬೀಳಲು ಸುಮಾರು 4 ನಿಮಿಷ ಸಾಕು. ನಾವಿದ್ದ ಜಾಗದಿಂದ ಭೋರ್ ಪೇಟೆಯ ಆಸ್ಪತ್ರೆಗೆ ಹತ್ತಿರ ಹತ್ತಿರ 15 ಕಿಲೋಮೀಟರ್ ತಿರುವಿನ ರಸ್ತೆ. ಗಂಟೆಗೆ 30ರ ವೇಗದಲ್ಲಿ ಅರ್ಧ ಗಂಟೆ. ಅಲ್ಲಿಂದ ಪುಣೆಯ ದೊಡ್ಡಾಸ್ಪತ್ರೆಗಳಿಗೆ ಮತ್ತೆ 50 ಕಿಲೋಮೀಟರ್. 108 ಆಂಬುಲೆನ್ಸ್ ಎಷ್ಟೇ ಚುರುಕಾಗಿ ಹೊರಟರೂ ಆ 4 ನಿಮಿಷದೊಳಗೆ ಬರಲಾರದು. ಹಾಗಾಗಿ ಆ 4 ನಿಮಿಷ ರೆಸಾರ್ಟಿನವರದ್ದೇ. ಕೊಳದ ಪಕ್ಕ ಒಬ್ಬ ಮನುಷ್ಯ, ಅವನ ಕೈಗೆ ಉದ್ದನೆಯ ಕೋಲು ಮತ್ತು ಹಗ್ಗ ಕಟ್ಟಿದ ತೇಲುಬಳೆ, ಎದೆ ಒತ್ತಿ ಉಸಿರು ಮರಳಿಸಲು ಕಲಿತ ಕೈ. ಅಷ್ಟೇ ಅದರ ಔಷಧಿ.

ಇಷ್ಟು ಹೊತ್ತು ಕೊಳದ ಮಾತಾಯಿತು. ಭೋರ್‌ನಲ್ಲಿ ನಿಜವಾದ ನೀರು ರೆಸಾರ್ಟಿನ ಹಿಂದೆಯೇ ಇದೆ. ಬ್ರಿಟಿಷರ ಕಾಲದಲ್ಲಿ ಲಾಯ್ಡ್ ಅಣೆಕಟ್ಟು ಎನಿಸಿಕೊಂಡಿದ್ದ ಭಾಟಘರ್ ಜಲಾಶಯದ ಸಾಮರ್ಥ್ಯ ಸುಮಾರು 23.5 ಟಿಎಂಸಿ, ಎಂದರೆ 66,000 ಕೋಟಿ ಲೀಟರಿಗೂ ಹೆಚ್ಚು. ಮಳೆಗಾಲದ ಕೊನೆಗೆ ತುಂಬಿ, ಬೇಸಿಗೆಯಲ್ಲಿ ತಳ ಕಾಣುವಷ್ಟು ಇಳಿಯುತ್ತದೆ. ನೀರು ಇಳಿದಾಗ ದಂಡೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದಿರುವುದು ಕಣ್ಣಿಗೆ ಬೀಳುತ್ತದೆ. ತುಂಬಿದಾಗ ಅದೇ ಕೊರಕಲು ನೀರಿನಡಿ ಅಡಗಿರುತ್ತದೆ. 2022ರ ಮೇ ತಿಂಗಳಲ್ಲಿ ಈ ಹಿನ್ನೀರಿನಲ್ಲಿ ಐವರು ಯುವತಿಯರು ಒಟ್ಟಿಗೆ ಮುಳುಗಿ ಹೋದರು. ಅವರು ಯಾವ ರೆಸಾರ್ಟಿನ ಅತಿಥಿಗಳೂ ಆಗಿರಲಿಲ್ಲ. ಆದರೆ ರೆಸಾರ್ಟು ತನ್ನ ಜಾಹೀರಾತಿನಲ್ಲಿ ಹಿನ್ನೀರಿನ ಈಜನ್ನೂ ಕಯಾಕಿಂಗನ್ನೂ ಸೇರಿಸಿ ದರ ಹೇಳಿದ ಮೇಲೆ, ಆ ದಂಡೆ ನೀರಾವರಿ ಇಲಾಖೆಯದು ಎನ್ನುವ ಉತ್ತರ ಸಾಲುವುದಿಲ್ಲ. ನೀರು ಸರ್ಕಾರದ್ದಿರಬಹುದು, ಅಲ್ಲಿಗೆ ಕರೆದೊಯ್ದವರು ಇವರು. ನಾವು ಹೋಗಿದ್ದ ದಿನ 15 ಮಂದಿ ದೋಣಿಗೆ ಹೊರಟಾಗ ಲೈಫ್‌ಜಾಕೆಟ್ 8 ಇದ್ದವು. ಎರಡಕ್ಕೆ ಬಕಲ್ ಇರಲಿಲ್ಲ.

ಆ ಅಣೆಕಟ್ಟಿನ ಮೇಲೆ 45 ಸ್ವಯಂಚಾಲಿತ ಬಾಗಿಲುಗಳಿವೆ. ನೀರು ಗೊತ್ತುಪಡಿಸಿದ ಮಟ್ಟ ಮೀರಿದರೆ ತಾವೇ ತೆರೆದುಕೊಳ್ಳುತ್ತವೆ. ಇಂಥ ತಾನಾಗಿ ತೆರೆಯುವ ಬಾಗಿಲನ್ನು ನಮ್ಮ ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಹತ್ತಿರದ ಖಡಕ್‌ವಾಸ್ಲಾದಲ್ಲಿ ಮೊದಲಿಗೆ ಕೂರಿಸಿದರು. ರಾತ್ರಿ ಕಾವಲಿನವ ನಿದ್ದೆ ಹೋದರೂ ಊರು ಮುಳುಗಬಾರದು ಎನ್ನುವುದು ಅದರ ಹಿಂದಿನ ಯೋಚನೆ. ಈಜುಕೊಳದ ಸುತ್ತ ತಾನೇ ಮುಚ್ಚಿಕೊಳ್ಳುವ ಬಾಗಿಲಿರುವ ಬೇಲಿ ಹಾಕಬೇಕೆಂದು ತಿಳಿದವರು ಹೇಳುವುದೂ, ಒದ್ದೆ ಕೈಯಲ್ಲಿ ಮುಟ್ಟುವ ದೀಪ, ಗೀಸರ್, ಪಂಪುಗಳ ಸಾಲಿಗೆ 30 ಮಿಲಿ ಆಂಪಿಯರ್ ಸೋರಿಕೆಗೇ ಕಡಿದುಹೋಗುವ ಸ್ವಿಚ್ಚು ಹಾಕಿಸಬೇಕೆನ್ನುವುದೂ ಅದೇ ಯೋಚನೆಯಿಂದ.

ಈಗ ಹಣದ ಕಡೆ ಬರೋಣ. ಪರಿಹಾರದ ಮೊತ್ತ ಆಕಾಶದಿಂದ ಬೀಳುವುದಿಲ್ಲ. ವಾಹನ ಅಪಘಾತಗಳಿಗೆ ಸುಪ್ರೀಂ ಕೋರ್ಟ್ 2009ರಲ್ಲಿ (ಸರಳಾ ವರ್ಮಾ) ಮತ್ತು 2017ರಲ್ಲಿ (ಪ್ರಣಯ್ ಸೇಠಿ) ಕಟ್ಟಿಕೊಟ್ಟ ಲೆಕ್ಕವನ್ನೇ ಬೇರೆ ಕಡೆಯೂ ಅಳತೆಗೋಲಾಗಿ ಹಿಡಿಯುವುದು ರೂಢಿ. 30 ವರ್ಷದ, ತಿಂಗಳಿಗೆ 50,000 ದುಡಿಯುವ ವ್ಯಕ್ತಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 6 ಲಕ್ಷ. ಮುಂದಿನ ಬೆಳವಣಿಗೆಗೆಂದು 40% ಸೇರಿಸಿದರೆ 8.40 ಲಕ್ಷ. ಹೆಂಡತಿ, ಮಗು ಇದ್ದಾರೆಂದು ಹಿಡಿದು, ಮೃತರ ಸ್ವಂತ ಖರ್ಚಿಗೆಂದು ಮೂರನೇ ಒಂದು ಪಾಲು ಕಳೆದರೆ 5.60 ಲಕ್ಷ. 26ರಿಂದ 30ರ ವಯಸ್ಸಿಗೆ ಗುಣಕ 17. ಒಟ್ಟು 95.20 ಲಕ್ಷ, ಅಂತ್ಯಕ್ರಿಯೆ ಮುಂತಾದ ಸಣ್ಣ ಮೊತ್ತಗಳು ಬೇರೆ. ಅದೇ ವ್ಯಕ್ತಿ ಬದುಕಿ, ದುಡಿಯುವ ಶಕ್ತಿಯ 40% ಕಳೆದುಕೊಂಡರೆ? ಆಗ ಸ್ವಂತ ಖರ್ಚು ಕಳೆಯುವಂತಿಲ್ಲ. 8.40 ಲಕ್ಷದ 40% ಅನ್ನು 17ರಿಂದ ಗುಣಿಸಿದರೆ 57.12 ಲಕ್ಷ, ಅದರ ಮೇಲೆ ಆಸ್ಪತ್ರೆ ಬಿಲ್ಲು, ನೋವು, ಆರೈಕೆಯವರ ಖರ್ಚು. ವ್ಯಾಜ್ಯ 5 ವರ್ಷ ಎಳೆದು 9% ಸರಳ ಬಡ್ಡಿ ಬಿದ್ದರೆ ಇನ್ನೂ 25.70 ಲಕ್ಷ. ಮನೆಯಲ್ಲೇ ಇರುವ ಹೆಂಗಸಿಗೆ ಆದಾಯವೇನು ಎಂದು ಕೇಳುವವರಿಗೂ ಉತ್ತರವಿದೆ: ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಲೇಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಒತ್ತಿ ಹೇಳಿದೆ.

ಅತಿಥಿಯ ತಪ್ಪೂ ಇದ್ದರೆ ಆ ಪಾಲು ಕಳೆಯುತ್ತಾರೆ. ಕುಡಿದು ಕೊಳಕ್ಕೆ ಧುಮುಕಿದವನಿಗೆ ಪೂರ್ತಿ ಮೊತ್ತ ಸಿಗದು. ತಮ್ಮ ಪಾಲಿನ ಕೆಲಸದಲ್ಲಿ ನಿರ್ಲಕ್ಷ್ಯ ತೋರಿದ ಸರ್ಕಾರಿ ಸಂಸ್ಥೆಗಳೂ ಕೆಲವೊಮ್ಮೆ ಸಿಕ್ಕಿಬೀಳುತ್ತವೆ. 1997ರಲ್ಲಿ 59 ಜನ ಸತ್ತ ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿಯ ಪ್ರಕರಣದಲ್ಲಿ ಹೊಣೆಯನ್ನು ಚಿತ್ರಮಂದಿರಕ್ಕೆ 85%, ವಿದ್ಯುತ್ ಮಂಡಳಿಗೆ 15% ಎಂದು ಹಂಚಲಾಯಿತು.

ನಮ್ಮ ಭೋರ್‌ನ ಮಾಲೀಕರ ಖಾತೆಗೆ ಇದನ್ನು ಒರೆ ಹಚ್ಚೋಣ. ಕೋಣೆ 6. ಜನ ಬರುವುದು ಹೆಚ್ಚಾಗಿ ಶನಿವಾರ, ಭಾನುವಾರ. ವರ್ಷಕ್ಕೆ 104 ದಿನ. ಕೋಣೆಗೆ 4,000 ರೂಪಾಯಿ, ಹತ್ತರಲ್ಲಿ ಏಳು ಕೋಣೆ ತುಂಬುತ್ತವೆಂದು ಹಿಡಿದರೆ 437 ಬಾಡಿಗೆ, 17.48 ಲಕ್ಷ ವಹಿವಾಟು. 95.20 ಲಕ್ಷದ ಒಂದು ತೀರ್ಪು ಎಂದರೆ ಖರ್ಚೇ ಕಳೆಯದೆ ಐದೂವರೆ ವರ್ಷದ ಗಲ್ಲಾಪೆಟ್ಟಿಗೆ. ಗದ್ದೆಯೂ ಉಳಿಯಲಿಕ್ಕಿಲ್ಲ.

ತಡೆಯುವ ಖರ್ಚೆಷ್ಟು? ದರಗಳು ನನ್ನ ಅಂದಾಜಿನವು, ಊರಿಂದೂರಿಗೆ ಹೆಚ್ಚುಕಡಿಮೆಯಾಗುತ್ತವೆ. ಈಜು ಬಲ್ಲ, ತರಬೇತಿಯಾದ ಹುಡುಗನಿಗೆ ದಿನಕ್ಕೆ 1,200ರಂತೆ 104 ದಿನಕ್ಕೆ 1,24,800. ಕೊಳದಿಂದ ಒಂದೂವರೆ ಮೀಟರ್ ಬಿಟ್ಟು ಸುತ್ತ ಬೇಲಿ 48 ಮೀಟರ್, ಮೀಟರಿಗೆ 1,500 ಎಂದರೆ 72,000. ಆರು ವರ್ಷ ಬಾಳಿಕೆ ಹಿಡಿದರೆ ವರ್ಷಕ್ಕೆ 12,000. ತೇಲುಬಳೆ, ಹಗ್ಗ, ಆಳದ ಗುರುತು, ಒಳ್ಳೆಯ ಲೈಫ್‌ಜಾಕೆಟ್ಟುಗಳಿಗೆ 15,000. ವರ್ಷಕ್ಕೆರಡು ಸಲ ಎಲೆಕ್ಟ್ರಿಷಿಯನ್ ತಪಾಸಣೆ, ಸ್ವಿಚ್ಚು ಬದಲಾವಣೆಗೆ 15,000. ಕೆಲಸದವರಿಗೆ ಪ್ರಥಮ ಚಿಕಿತ್ಸೆಯ ತರಬೇತಿಗೆ 10,000. ವಿಮೆಗೆ 25,000. ಒಟ್ಟು 2,01,800. 437ರಿಂದ ಭಾಗಿಸಿದರೆ ಒಂದು ಬಾಡಿಗೆಗೆ 462 ರೂಪಾಯಿ. ಒಬ್ಬರ ಮಟನ್ ಥಾಳಿಯ ಆಸುಪಾಸಿನ ಹಣ. 4,000ದ ಕೋಣೆಯನ್ನು 4,462 ಮಾಡಿ, ಯಾಕೆಂದು ಅತಿಥಿಗೆ ಹೇಳಿದರೆ ಮಕ್ಕಳನ್ನು ಕರೆದುಕೊಂಡು ಬರುವ ಯಾವ ತಾಯಿಯೂ ಬೇಡವೆನ್ನಲಾರಳೆಂದು ನನ್ನ ನಂಬಿಕೆ.

ವಿಮೆಯ ಬಗ್ಗೆ ಒಂದು ಮಾತು. ಕಟ್ಟಡಕ್ಕೆ ಬೆಂಕಿ ವಿಮೆ ಮಾಡಿಸಿದವರು ಅತಿಥಿಗೂ ವಿಮೆಯಾಯಿತೆಂದು ತಿಳಿದಿರುತ್ತಾರೆ. ಅದು ಬೇರೆ, ಇದು ಬೇರೆ. ಹೊರಗಿನವರಿಗೆ ಆಗುವ ಹಾನಿಗೆ ಸಾರ್ವಜನಿಕ ಹೊಣೆಗಾರಿಕೆಯ ಪಾಲಿಸಿ ಬೇಕು. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಅಪಾಯಕಾರಿ ರಾಸಾಯನಿಕ ಬಳಸುವವರಿಗೆ ಸಂಬಂಧಿಸಿದ್ದು, ಹೆಸರು ನೋಡಿ ಮೋಸ ಹೋಗಬಾರದು. ಪಾಲಿಸಿಯಲ್ಲಿ ಎರಡು ಅಂಕಿಗಳನ್ನು ನೋಡಬೇಕು: ಒಂದು ಅಪಘಾತಕ್ಕೆ ಎಷ್ಟು, ವರ್ಷದ ಎಲ್ಲಕ್ಕೂ ಸೇರಿ ಎಷ್ಟು. ಈಜುಕೊಳ, ಊಟ, ಸಾಹಸ ಕ್ರೀಡೆ ಸೇರಿವೆಯೇ ಎಂದು ಬರವಣಿಗೆಯಲ್ಲಿ ಕೇಳಬೇಕು. ಬಹಳ ಸಲ ಇವನ್ನು ಬೇರೆಯಾಗಿ ಸೇರಿಸಬೇಕಾಗುತ್ತದೆ.

ಗಾಯವಾದವರ ಕಡೆಯ ಲೆಕ್ಕ ನಮ್ಮ ಜನಕ್ಕೆ ಇನ್ನೂ ಕಡಿಮೆ ಗೊತ್ತು. ಗ್ರಾಹಕ ಆಯೋಗದಲ್ಲಿ ಯಾವ ಮೆಟ್ಟಿಲಿಗೆ ಹೋಗಬೇಕೆನ್ನುವುದು ಕೇಳುವ ಪರಿಹಾರದ ಮೇಲಲ್ಲ, ಕೊಟ್ಟ ಬೆಲೆಯ ಮೇಲೆ ನಿಂತಿದೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ. 2025ರಲ್ಲಿ ಸುಪ್ರೀಂ ಕೋರ್ಟೂ ಈ ನಿಯಮವನ್ನು ಎತ್ತಿಹಿಡಿದಿದೆ. ಆದ್ದರಿಂದ ಎರಡು ದಿನಕ್ಕೆ 12,000 ಕೊಟ್ಟು ತಂಗಿದ್ದವರು 80 ಲಕ್ಷ ಕೇಳುವುದಿದ್ದರೂ ಅರ್ಜಿ ಜಿಲ್ಲಾ ಆಯೋಗಕ್ಕೇ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಸೊನ್ನೆ. ಇನ್ನೊಂದು ದೊಡ್ಡ ಅನುಕೂಲ: 2019ರ ಕಾಯ್ದೆಯ ಪ್ರಕಾರ ದೂರುದಾರ ತಾನಿರುವ ಊರಿನಲ್ಲೇ ಅರ್ಜಿ ಹಾಕಬಹುದು. ಭೋರ್‌ನಲ್ಲಿ ಬಿದ್ದ ಬೆಳಗಾವಿಯವರು ಬೆಳಗಾವಿಯಲ್ಲಿ, ಬೆಂಗಳೂರಿನವರು ಬೆಂಗಳೂರಿನಲ್ಲಿ. ಅವಧಿ 2 ವರ್ಷ. ನೋಟಿಸು ಮುಟ್ಟಿದ ಮೇಲೆ ಎದುರುದಾರನಿಗೆ ಉತ್ತರಕ್ಕೆ 30 ದಿನ, ಹೆಚ್ಚೆಂದರೆ ಇನ್ನೂ 15. ಸೋತವರು ಮೇಲ್ಮನವಿಗೆ ಹೋಗಬೇಕಾದರೆ ತೀರ್ಪಿನ ಮೊತ್ತದ ಅರ್ಧ ಮೊದಲೇ ಇಡಬೇಕು.

ಇದೆಲ್ಲ ಗಟ್ಟಿಯಾಗುವುದು ಮೊದಲ ದಿನದ ಕಾಗದಗಳಿಂದ. ಆಸ್ಪತ್ರೆಯಲ್ಲಿ ‘ಎಲ್ಲಿ, ಹೇಗೆ’ ಬಿದ್ದದ್ದೆಂದು ಬರೆಸಬೇಕು. ಸುಮ್ಮನೆ ‘ಬಿದ್ದು ಪೆಟ್ಟು’ ಎಂದಿದ್ದರೆ ಅದು ಮನೆಯ ಬಚ್ಚಲಲ್ಲಿ ಬಿದ್ದದ್ದೂ ಆಗಬಹುದು. ಮೊಬೈಲಿನಲ್ಲಿ ಜಾಗದ ಚಿತ್ರ, ಅದರ ಪಕ್ಕದಲ್ಲಿ ಅಳತೆ. ಬುಕಿಂಗ್ ರಸೀದಿ. ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲು ಉಳಿಸಿಡಲು ಕೇಳುವ ಎರಡು ಸಾಲಿನ ಮೆಸೇಜು. ದೊಡ್ಡ ಪೆಟ್ಟಾದರೆ ಪೊಲೀಸ್ ದೂರು, ಪಂಚನಾಮೆ.

ನಾವು ದೂರು ಕೊಡಲಿಲ್ಲ. ಅತ್ತಿಗೆಯ ಮಣಿಕಟ್ಟಿನಲ್ಲಿ ಕೂದಲೆಳೆಯ ಬಿರುಕು, ಆರು ವಾರ ಪಟ್ಟಿ. ಭೋರ್‌ನ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಸುವಾಗ ಮಾಲೀಕರು ನಮ್ಮ ಜೊತೆಗೇ ಬಂದು ಕೂತಿದ್ದರು. ಬಿಲ್ಲನ್ನೂ ಅವರೇ ಕೊಟ್ಟರು. ಅಲ್ಲೇ ಬೆಂಚಿನ ಮೇಲೆ, ಔಷಧಿ ಚೀಟಿಯ ಹಿಂದೆ ನಾನು ಐದು ಮೆಟ್ಟಿಲಿನ ಚಿತ್ರ ಬರೆದು ಅಂಕಿಗಳನ್ನು ತುಂಬಿದೆ. “ದಾದಾ, ಇದು ಮೇಸ್ತ್ರಿಯ ಅರ್ಧ ದಿನದ ಕೆಲಸ,” ಎಂದೆ. ಅವರು ಚೀಟಿಯನ್ನು ಬಹಳ ಹೊತ್ತು ನೋಡಿದರು. 19ರ ಸುತ್ತ ಪೆನ್ನಿನಿಂದ ಒಂದು ಸುತ್ತು ಹಾಕಿ, ಕೊಳದ ಆಳವನ್ನೂ ಅದರಲ್ಲೇ ಬರೆದುಕೊಡಿ ಎಂದು ಚೀಟಿಯನ್ನು ನನ್ನ ಕೈಗೆ ಮರಳಿಸಿದರು.